ಕೇಳದೆ ಬದಲಾಯಿಸಿದ ಗೇರ್

"ಅಯ್ಯೋ ಮೇಡಂ, ಅದಲ್ಲ... ಪಕ್ಕದ್ದು ಒತ್ತಿ!"

ಯಾರೋ ಕೂಗಿದರು. ಗಾಬರಿಯಲ್ಲಿ ಅವಳು ಮತ್ತೆ ಹ್ಯಾಂಡಲ್ ಮೇಲಿನ ಚಿಕ್ಕ ಗೇರ್ ಲಿವರನ್ನೇ ಒತ್ತಿದಳು. ಕಟಕಟ! ಪೆಡಲ್ ಬಿಗಿದುಕೊಂಡಿತು, ಹೊಸ ಗೇರ್ ಸೈಕಲ್ ಏರಿನ ಮಧ್ಯೆ ನಿಂತೇ ಹೋಯಿತು. ಮರುಕ್ಷಣ ನಮ್ಮ ಲೆಕ್ಕದ ಟೀಚರ್, ಸೈಕಲ್ ಅಂಗಡಿಯ ಮೆಕ್ಯಾನಿಕ್‌ನ ತೋಳುಗಳಲ್ಲಿ!

ಅವಳ ಎದೆ ಢವಢವ ಎಂದಿತು. ಬಿದ್ದ ಭಯವೋ, ಆ ಕಣ್ಣುಗಳೋ... ದೇವರಿಗೇ ಗೊತ್ತು.

"ಏರಿಗೆ ದೊಡ್ಡ ಲಿವರ್, ಇಳಿಜಾರಿಗೆ ಚಿಕ್ಕದು," ಅವನು ನಕ್ಕ. "ಅದೂ ಏರು ಶುರುವಾಗೋ ಮುಂಚೆ. ಕಾಲು ಸೋತ ಮೇಲೆ ಒತ್ತಿದ್ರೆ ಚೈನು ಮಾತು ಕೇಳಲ್ಲ."

ಅವಳು ಮೊಣಕಾಲು ಹಿಡಿದು ಅವನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಳು. ಹೋದ ವರ್ಷ ಆಪರೇಷನ್ ಆಗಿದ್ದ ಕಾಲು. ಅಂದಿನಿಂದ ಮನೆಯಲ್ಲಿ ಒಂದೇ ರಾಗ, ‘ನಿನ್ನ ಕೈಲಾಗಲ್ಲ ಬಿಡು.’ ಅಮ್ಮ ತಾನೇ ಫೋನ್ ಮಾಡಿ ಶಾಲೆಗೆ ರಜೆ ಹೇಳುತ್ತಿದ್ದಳು. ಅಣ್ಣ ಹೆಡ್‌ಮಾಸ್ಟರರ ಹತ್ತಿರ ಮಾತಾಡಿ ಅವಳ ತರಗತಿಯನ್ನು ಕೆಳಮಹಡಿಗೆ ಹಾಕಿಸಿದ್ದ. ಅವಳನ್ನು ಒಂದು ಮಾತು ಕೇಳಿದವರಿಲ್ಲ! ಅದಕ್ಕೇ ಹಟ ಹಿಡಿದು ಸೈಕಲ್ ಕೊಂಡಿದ್ದಳು. ನೀರಿನ ಟ್ಯಾಂಕ್ ಇರುವ ಗುಡ್ಡವನ್ನು ಈ ಕಾಲಿನಿಂದಲೇ ಹತ್ತಬೇಕು ಎಂದು ಅವನಿಗೂ ಹೇಳಿಬಿಟ್ಟಳು.

"ಹತ್ತುತ್ತೀರ ಬಿಡಿ," ಎಂದ ಅವನು, ಅದೇನು ಮಹಾ ಎಂಬಂತೆ.

ಆ ಒಂದು ಮಾತಿಗೆ ಅವಳು ಸೋತುಹೋದಳು.

ದಿನಾ ಬೆಳಿಗ್ಗೆ ಅಭ್ಯಾಸ ನಡೆಯಿತು. ಬ್ರೇಕ್ ಸರಿಮಾಡಲೆಂದು ಒಂದು ದಿನ ಸೈಕಲನ್ನು ಅಂಗಡಿಯಲ್ಲಿ ಬಿಟ್ಟಳು. ಮರುದಿನದಿಂದ ಅದೇ ಏರು ಹಗುರವಾಯಿತು. ‘ನನ್ನ ಕಾಲಿಗೆ ಬಲ ಬಂತು!’ ಎಂದು ಒಳಗೊಳಗೇ ಕುಣಿದಳು.

ಆದರೆ ಶನಿವಾರ ಜೊತೆಯಲ್ಲಿ ಸೈಕಲ್ ತುಳಿಯಲು ಬಂದ ಗೆಳತಿಯೊಬ್ಬಳು ಹಿಂದಿನ ಚಕ್ರ ನೋಡಿ ನಕ್ಕುಬಿಟ್ಟಳು.

"ಇದೇನ್ರೀ, ಅಜ್ಜಿ ಗೇರ್! ಅಜ್ಜಿಯರೂ ಏರು ಹತ್ತೋವಷ್ಟು ಹಗುರದ್ದು. ಈ ಸೈಕಲ್‌ಗೆ ಇದು ಬರೋದೇ ಇಲ್ಲ. ಯಾರು ಬದಲಾಯಿಸಿದ್ರು?"

ಅವಳು ಸೀದಾ ಅಂಗಡಿಗೆ ನುಗ್ಗಿದಳು.

"ನೀವಾ?"

ಅವನು ತಲೆ ತಗ್ಗಿಸಿದ. "ಹೌದು."

"ನನ್ನ ಕೈಲಾಗಲ್ಲ ಅಂತ ನೀವೂ ತೀರ್ಮಾನ ಮಾಡಿಬಿಟ್ರಾ? ನನ್ನ ಕಾಲಿನ ಬಲ ಅಂತ ಕುಣಿದಾಡ್ತಿದ್ದೆನಲ್ರೀ..." ಸೈಕಲನ್ನು ಅವನತ್ತ ತಳ್ಳಿದಳು. "ಹಳೇದನ್ನೇ ಹಾಕಿಕೊಡಿ."

ಅವನು ಸ್ಪ್ಯಾನರ್ ತರಲು ಒಳಗೆ ಹೋದ. ಕೌಂಟರಿನಲ್ಲಿದ್ದ ಅವನ ಅಕ್ಕನಿಗೆ ತಡೆಯಲಾಗಲಿಲ್ಲ.

"ಟೀಚರೇ, ಅದು ಅವನ ಸೈಕಲ್‌ದು. ಅಂಗಡೀಲಿ ಇರಲಿಲ್ಲ ಅಂತ ತನ್ನದನ್ನೇ ಬಿಚ್ಚಿ ಹಾಕಿದ. ನಿಮ್ಮ ಬಿಗಿ ಗೇರನ್ನ ತಾನು ತುಳ್ಕೊಂಡು, ದಿನಾ ಏದುಸಿರು ಬಿಡ್ತಾ ಬರ್ತಾನೆ ಪುಣ್ಯಾತ್ಮ!"

ಅವಳ ಕೋಪ ಅರ್ಧಕ್ಕೆ ಇಳಿಯಿತು. ಇನ್ನರ್ಧ ಇಳಿಯಲಿಲ್ಲ.

ಅವನು ಹೊರಬಂದಾಗ ಅವಳೇ ಮೆಲ್ಲಗೆ ಹೇಳಿದಳು. "ಒಳ್ಳೇದಕ್ಕೇ ಮಾಡಿದ್ರಿ. ಮನೇಲೂ ಎಲ್ರೂ ಒಳ್ಳೇದಕ್ಕೇ ಮಾಡ್ತಾರೆ. ಆದ್ರೆ ಯಾರೂ ನನ್ನ ಕೇಳಲ್ಲ."

ಅವನ ಮುಖ ಸಣ್ಣದಾಯಿತು. "ಬೇಡ ಅಂತೀರೇನೋ ಅಂತ ಹೆದರಿದೆ. ತಪ್ಪಾಯ್ತು... ಈಗ ಕೇಳ್ತೀನಿ. ಯಾವುದು ಹಾಕಲಿ?"

ಅವಳು ಕಾಲನ್ನೊಮ್ಮೆ ಸವರಿಕೊಂಡಳು. ಮೊಣಕಾಲು ತನ್ನದು, ನೋವು ತನ್ನದು.

"ಹಗುರದ್ದೇ ಇರಲಿ. ಇದು ನನ್ನ ತೀರ್ಮಾನ."

ಭಾನುವಾರ ಬೆಳಿಗ್ಗೆ ಗುಡ್ಡದ ಕೊನೆಯ ತಿರುವಿನಲ್ಲಿ ಕಾಲು ನಡುಗಿತು. ಬೆವರು ಕಣ್ಣಿಗಿಳಿಯಿತು. ಆದರೂ ನಿಲ್ಲಲಿಲ್ಲ... ಟ್ಯಾಂಕಿನ ಗೋಡೆ ಮುಟ್ಟಿ ಗೊಳೋ ಎಂದು ಅತ್ತೇಬಿಟ್ಟಳು!

ಐದು ನಿಮಿಷದ ನಂತರ, ಅವಳ ಜೊತೆಗೇ ಹೊರಟು ಹಿಂದುಳಿದಿದ್ದ ಅವನು ಬಿಗಿ ಗೇರ್ ತುಳಿಯುತ್ತಾ ಬಂದು ದೊಪ್ಪನೆ ಕುಳಿತ.

"ಮೇಡಂ..." ಉಸಿರು ಸಾಲದು. "ನಿಮ್ಮನ್ನ ಕೇಳದೇ... ಇನ್ನೊಂದು ಕೆಲಸ ಮಾಡಿಬಿಟ್ಟಿದ್ದೀನಿ."

"ಅಯ್ಯೋ, ಮತ್ತೇನು ಬಿಚ್ಚಿದ್ರಿ?"

"ಏನೂ ಬಿಚ್ಚಿಲ್ಲ. ನಿಮ್ಮನ್ನ ಪ್ರೀತಿಸಿಬಿಟ್ಟಿದ್ದೀನಿ."

ಅವಳು ಕಣ್ಣೊರೆಸಿಕೊಂಡು ಅವನ ಪಕ್ಕದಲ್ಲೇ ಕುಳಿತಳು.

"ಇದೊಂದಕ್ಕೆ ಮಾತ್ರ ಕೇಳಬೇಕಿರಲಿಲ್ಲ ಕಣ್ರೀ," ಎಂದಳು.