ಅಡ್ಮಿಷನ್ ದಿನ ನುಂಗಿದ ಮಾತು

"ಡ್ರೈವರ್ ಹೊರಗಡೆನೇ ಇರ್ಲಿ ಮೇಡಂ. ಒಳಗೆ ಪೇರೆಂಟ್ಸ್ ಮಾತ್ರ."

ಪ್ರಿಸ್ಕೂಲ್ ಮುಖ್ಯಸ್ಥೆ ಕಾತ್ಯಾಯಿನಿ ನಗುತ್ತಲೇ ಹೇಳಿದರು. ವಿಭಾ ಬೆಚ್ಚಿ ಹಿಂದೆ ನೋಡಿದಳು.

ಜೆ.ಪಿ. ನಗರದ ಆ ಬಾಗಿಲಲ್ಲಿ, ಮೂರು ವರ್ಷದ ಇಂಚರಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದವನು ಅವಳ ಗಂಡ ಸಿದ್ದರಾಜು. ಗೊಟ್ಟಿಗೆರೆಯಲ್ಲಿ ಅವನದು ಮೋಟರ್ ರಿಪೇರಿ ಅಂಗಡಿ. ಕೆಲಸ ಬಿಟ್ಟು ನೇರ ಬಂದಿದ್ದ. ಖಾಕಿ ಅಂಗಿ, ಉಗುರಿನಲ್ಲಿ ಗ್ರೀಸು.

ಸೋಫಾದಲ್ಲಿ ಕೂತಿದ್ದ ಇಬ್ಬರು ತಾಯಂದಿರು ತಿರುಗಿ ನೋಡಿದರು.

'ಇವರು ನನ್ನ ಗಂಡ...' ನಾಲಿಗೆಯ ತುದಿಗೆ ಬಂದ ಮಾತನ್ನು ವಿಭಾ ನುಂಗಿ, ಸುಮ್ಮನೆ ನಕ್ಕುಬಿಟ್ಟಳು.

ಸಿದ್ದರಾಜು ಒಂದು ಕ್ಷಣ ಅವಳನ್ನೇ ನೋಡಿದ. ಮಗಳನ್ನು ಕೆಳಗಿಳಿಸಿ, "ಹೊರಗಡೆ ಇರ್ತೀನಿ ಮೇಡಂ" ಎಂದು ಮೆಟ್ಟಿಲಿಳಿದ.

ಕಾತ್ಯಾಯಿನಿ ಆಟದ ಕೋಣೆ ತೋರಿಸಿದರು, ಅಕ್ಷರಗಳ ಉಚ್ಚಾರ ಕಲಿಸುವ ಫೋನಿಕ್ಸ್ ಬಗ್ಗೆ ಹೇಳಿದರು, ಸಿಸಿಟಿವಿ ತೋರಿಸಿದರು. ಆ ಪುಟ್ಟ ಪರದೆಯಲ್ಲಿ, ಗೇಟಿನ ಬಳಿ ನಿಂತ ಗಂಡ ಕಂಡ. ಆಮೇಲೆ ವಿಭಾಳ ಕಿವಿಗೆ ಏನೂ ಬೀಳಲಿಲ್ಲ.

ಹೊರಗೆ ಬಂದರೆ ಅವನು ಕಾರಿನ ಹಿಂದಿನ ಬಾಗಿಲು ತೆಗೆದು ನಿಂತಿದ್ದ.

"ಕೂತ್ಕೊಳಿ ಮೇಡಂ. ಎಲ್ಲಿಗೆ ಬಿಡ್ಲಿ?"

"ಸಿದ್ದು, ಪ್ಲೀಸ್..."

"ಎಸಿ ಹಾಕ್ಲಾ ಮೇಡಂ?"

ಇಂಚರಳಿಗೆ ಇದೊಂದು ಹೊಸ ಆಟ! ಚಪ್ಪಾಳೆ ತಟ್ಟಿ ಕೂಗಿದಳು, "ಡ್ರೈವರ್! ಬೇಗ ಹೋಗು!"

ಸಿದ್ದರಾಜುವಿನ ಮುಖ ಕಳೆಗುಂದಿತು. ಬನ್ನೇರುಘಟ್ಟ ರಸ್ತೆಯ ಬದಿಗೆ ಕಾರು ನಿಲ್ಲಿಸಿದ.

"ಮದ್ವೆಗೆ ನಿಮ್ಮಪ್ಪ ಒಪ್ಪದೇ ಇದ್ದಾಗ ಅವರೆದುರು ನಿಂತು ಮಾತಾಡಿದೋಳು ನೀನು. ಇಬ್ರು ಹೆಂಗಸರ ಮುಂದೆ ಆಗ್ಲಿಲ್ವಾ ವಿಭಾ?"

ನೆಪಗಳು ಸಾಲುಗಟ್ಟಿ ಬಂದವು. ಗಾಬರಿಯಾಯ್ತು... ಅವರು ಮಾತಾಡೋಕೇ ಬಿಡ್ಲಿಲ್ಲ... ಒಂದೂ ನಿಜವಲ್ಲ ಎಂದು ಅವಳಿಗೇ ಗೊತ್ತಿತ್ತು.

"ನಾಚಿಕೆ ಆಯ್ತು ಸಿದ್ದು. ನಿನ್ನನ್ನ ನನ್ನ ಗಂಡ ಅನ್ನೋಕೆ... ನಾಚಿಕೆ ಆಯ್ತು. ಅದೇ ನಿಜ."

ಅವನು ಸ್ಟೀರಿಂಗ್ ಮೇಲಿದ್ದ ತನ್ನ ಗ್ರೀಸಿನ ಉಗುರುಗಳನ್ನು ನೋಡಿಕೊಂಡ.

"ಈಗ?"

"ಈಗ ನನ್ನ ಮುಖ ನಾನೇ ನೋಡ್ಕೊಳೋಕೆ ಆಗ್ತಿಲ್ಲ." ಕಣ್ಣು ತುಂಬಿ ರಸ್ತೆಯೇ ಮಸುಕಾಯಿತು. "ಕಾರು ತಿರುಗಿಸು. ಅಲ್ಲಿಗೇ ಹೋಗೋಣ."

ಆ ಇಬ್ಬರು ತಾಯಂದಿರು ಇನ್ನೂ ಅಲ್ಲೇ ಇದ್ದರು. ವಿಭಾ ಗಂಡನ ಕೈ ಹಿಡಿದೇ ಒಳಗೆ ಬಂದಳು.

"ಮೇಡಂ, ಇವರು ಸಿದ್ದರಾಜು. ನನ್ನ ಗಂಡ, ಇಂಚರಳ ಅಪ್ಪ. ಆಗ್ಲೇ ನೀವು ತಪ್ಪು ತಿಳ್ಕೊಂಡ್ರಿ. ಗೊತ್ತಿದ್ದೂ ನಾನು ಸುಮ್ನಿದ್ದೆ."

ಕಾತ್ಯಾಯಿನಿ ಬೆವೆತುಹೋದರು. "ಅಯ್ಯೋ! ಸಾರಿ ಸಾರ್..."

"ಇರ್ಲಿ ಬಿಡಿ ಮೇಡಂ. ನಂದೊಂದೇ ಪ್ರಶ್ನೆ. ಮಗು ಅತ್ರೆ ಯಾರು ಎತ್ಕೋತಾರೆ?"

ವಿಭಾ ತಲೆ ತಗ್ಗಿಸಿದಳು. ನಾಲ್ಕು ಪ್ರಿಸ್ಕೂಲ್ ಸುತ್ತಿದ್ದಳು, ಎಲ್ಲೂ ಇದನ್ನು ಕೇಳಿರಲಿಲ್ಲ!

ಮೂಲೆಯಲ್ಲಿ ಆಟಿಕೆ ಒರೆಸುತ್ತಿದ್ದ ಆಯಾ ಕೆಂಪಕ್ಕ ಉತ್ತರ ಕೊಟ್ಟರು. "ನಾನೇ ಕಣಣ್ಣ. ಎತ್ತಿ ಎತ್ತಿ ಸೊಂಟ ಬಿದ್ದೋಗೈತೆ!"

ಸಿದ್ದರಾಜು ನಕ್ಕುಬಿಟ್ಟ. "ಇಲ್ಲೇ ಸೇರ್ಸೋಣ ವಿಭಾ."

ಗೇಟು ದಾಟುವಾಗ ಅವಳು ಮೆಲ್ಲನೆ ಕೇಳಿದಳು.

"ನನ್ನ ಕ್ಷಮಿಸಿದ್ಯಾ?"

"ಇನ್ನೂ ಇಲ್ಲ. ತುಂಬಾ ನೋವಾಗಿದೆ ಕಣೆ. ಒಂದೆರಡು ದಿನ ಮುನಿಸ್ಕೊಂಡೇ ಇರ್ತೀನಿ."

"ಇರು... ನಾನು ಪಕ್ಕದಲ್ಲೇ ಇರ್ತೀನಿ."

"ನೀನು ಪಕ್ಕದಲ್ಲೇ ಇದ್ರೆ ಮುನಿಸ್ಕೊಳೋದು ಹೇಗೆ?"