ಲೈಸೆನ್ಸಿಗೆ ಹೊಡೆದ ಮೊಳೆ

ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಕಸ ಗುಡಿಸುವ ಹೆಂಗಸು ಠಾಣೆಗೆ ಓಡಿ ಬಂದಳು. ಕೈಯಲ್ಲಿ ಪೊರಕೆ ಹಾಗೇ ಇತ್ತು.

"ವೀಸಾ ಸಾಹೇಬ್ರನ್ನ ಹೊಡೆದು ಹಾಕಿದಾರೆ ಸಾರ್!"

ಎಫ್‌ಐಆರ್ ದಾಖಲಿಸಿ ಇನ್ಸ್‌ಪೆಕ್ಟರ್ ಹೊರಟರು. ವೀಸಾ ಕೊಡಿಸುವ ಆ ಕಚೇರಿಯೊಳಗೆ ಕಾಲಿಟ್ಟರು. ವಲಸೆ ಸಲಹೆಗಾರನ ತಲೆ ಒಡೆದು ಹೋಳಾಗಿತ್ತು. ಸಹಿ ಹಾಕುವ ಬಲಗೈಯನ್ನು ಮೇಜಿಗೆ ಒತ್ತಿ ನಾಲ್ಕು ಮೊಳೆ ಹೊಡೆಯಲಾಗಿತ್ತು. ಗೋಡೆಯ ಮೇಲೆ ಅವನ ಲೈಸೆನ್ಸು ಮಾತ್ರ ಚೌಕಟ್ಟಿನಲ್ಲಿ ನೆಟ್ಟಗಿತ್ತು. ನೆಲದಲ್ಲಿ ಸಿಕ್ಕ ಐದನೆಯ ಮೊಳೆಯೂ ಪಂಚನಾಮೆಗೆ ಸೇರಿತು. ಅದರ ಮೇಲೆ ಎಂಜಲಿದೆ ಎಂದು ಪ್ರಯೋಗಾಲಯ ಮರುದಿನ ತಿಳಿಸಿತು.

ಇನ್ಸ್‌ಪೆಕ್ಟರ್ ಸಲಹೆಗಾರರ ನಿಯಂತ್ರಣ ಮಂಡಳಿಗೆ ಫೋನ್ ಮಾಡಿದರು.

"ಅವನ ಲೈಸೆನ್ಸ್ ಹೋದ ವರ್ಷವೇ ರದ್ದಾಗಿದೆ ಸಾರ್. ಬಾಗಿಲಿಗೆ ನೋಟಿಸ್ ಅಂಟಿಸಿದ್ವಿ," ಎಂದ ಗುಮಾಸ್ತ.

"ಅಂಟಿಸಿದ್ದು ಉಳೀತಾ ಅಂತ ಯಾರಾದ್ರೂ ಹೋಗಿ ನೋಡಿದ್ರಾ?"

"ಮೊನ್ನೆ ಒಬ್ಬ ಬಡಗಿ ಬಂದು ಇದನ್ನೇ ಕೇಳಿದ ಸಾರ್."

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಮಂದಿ! ಇನ್ಸ್‌ಪೆಕ್ಟರ್ ಹಲ್ಲು ಕಡಿದರು.

ಮಂಡಳಿಯಲ್ಲಿ ಬರೆಸಿದ್ದ ವಿಳಾಸ ಹಿಡಿದು ಬಡಗಿಯನ್ನು ಕರೆತಂದರು. ಕೇಳಿದ್ದಕ್ಕೆಲ್ಲ ಅವನದು ಒಂದೇ ಉತ್ತರ: "ನಂಗೊತ್ತಿಲ್ಲ ಸಾರ್."

"ಹೋಗ್ಲಿ ಬಿಡು. ಈ ಬೆಂಚಿನ ಕಾಲು ಅಲ್ಲಾಡ್ತಿದೆ. ಹೇಗೂ ಬಂದಿದೀಯ, ಎರಡೇಟು ಹಾಕಪ್ಪ," ಎಂದರು ಇನ್ಸ್‌ಪೆಕ್ಟರ್.

ಪೇದೆ ಸುತ್ತಿಗೆ, ಮೊಳೆ ಕೊಟ್ಟ. ಬಡಗಿ ಮೊಳೆಗಳನ್ನು ಬಾಯಿಗೆ ಹಾಕಿಕೊಂಡು, ತುಟಿಯಿಂದ ಒಂದೊಂದಾಗಿ ತೆಗೆದು ಹೊಡೆಯತೊಡಗಿದ. ಇನ್ಸ್‌ಪೆಕ್ಟರ್ ತನ್ನ ಬಾಯನ್ನೇ ನೋಡುತ್ತಿದ್ದಾರೆಂದು ತಿಳಿದಾಗ ಹೊತ್ತು ಮೀರಿತ್ತು. ಸುತ್ತಿಗೆ ಬೀಸಿದ. ಪೇದೆಯ ಭುಜದ ಮೂಳೆ ಲಟಕ್ಕೆಂದಿತು. ಮೂವರು ಮೇಲೆ ಬಿದ್ದು ಅವನನ್ನು ನೆಲಕ್ಕೆ ಅಮುಕಿದರು. ಮೊಳೆ, ರಕ್ತ ಎರಡನ್ನೂ ಉಗುಳಿ ಅವನು ಬಾಯಿಬಿಟ್ಟ.

"ದುಡಿಯೋಕೆ ಹೋದ ಹೆಂಡ್ತಿ ಪರದೇಶದ ಆಸ್ಪತ್ರೇಲಿ ಸಾಯ್ತಿದ್ಲು ಸಾರ್. ಆ ಪಾಪಿ ನನ್ನ ಅರ್ಜೀಲಿ ಸುಳ್ಳು ಕಾಗದ ಇಟ್ಟ. ಅಲ್ಲಿ ಇಳೀತಿದ್ದಂಗೇ ಹಿಡಿದು ವಾಪಸ್ ಕಳಿಸಿದ್ರು. ಅವಳ ಮುಖಾನೂ ನೋಡ್ಲಿಲ್ಲ."

"ಮಂಡಳೀಲಿ ಮೊದಲೇ ವಿಚಾರಿಸೋಕೆ ಏನಾಗಿತ್ತು?"

"ಆ ಲೈಸೆನ್ಸಿಗೆ ಚೌಕಟ್ಟು ಕಟ್ಟಿ ಗೋಡೆಗೆ ಹೊಡೆದೋನೇ ನಾನು. ಇನ್ನೇನು ವಿಚಾರಿಸೋದು ಅಂತ ನಂಬಿದೆ ಸಾರ್."

ಸಂಜೆ ನಾಲ್ಕೂ ನಲವತ್ತಕ್ಕೆ ಬಂಧನ ದಾಖಲಾಯಿತು. ಲಾಕಪ್ಪಿನ ಬಾಗಿಲಲ್ಲಿ ಬಡಗಿ ಹಿಂತಿರುಗಿ ನೋಡಿದ.

"ಆ ಬೆಂಚು ಇನ್ನೂ ಗಟ್ಟಿಯಾಗಿಲ್ಲ ಸಾರ್. ಯಾರಾದ್ರೂ ನಂಬಿ ಕೂತ್ಕೊಂಡಾರು. ಅಲ್ಲಿಂದ ತೆಗೆಸಿಬಿಡಿ."

ಇನ್ಸ್‌ಪೆಕ್ಟರ್ ಯಾರನ್ನೂ ಕರೆಯದೆ ತಾವೇ ಬೆಂಚನ್ನು ಎಳೆದು ಹಿತ್ತಲಿಗೆ ಹಾಕಿದರು.