ನಲವತ್ತೊಂದನೇ ಫೋಟೊ

“ಮುಟ್ಟಬ್ಯಾಡ್ರಿ!”

ಯಶವಂತ ತೋಳನ್ನು ಹಿಂದಕ್ಕೆಳೆದುಕೊಂಡ ರಭಸಕ್ಕೆ ಮೇಜಿನ ಮೇಲಿದ್ದ ಚಹಾದ ಮಣ್ಣಿನ ಕುಡಿಕೆ ಉರುಳಿತು.

ಚಿನ್ಮಯಿ ಚಾಚಿದ್ದ ಕೈಯನ್ನು ಕೆಳಗಿಳಿಸಿದಳು. ಎರಡು ವಾರದಿಂದ ಅವನು ಪಕ್ಕದ ಕುರ್ಚಿ ಬಿಟ್ಟು ದೂರ ಕೂರುತ್ತಿದ್ದ. ‘ನನ್ನ ಕಂಡರೆ ಅಸಹ್ಯವೇ?’ ಎಂದು ಕೊರಗಿದ್ದಳು. ಇಂದು ಬೇರೆಯೇ ಭಯ...

ಪರರಾಜ್ಯದ ಈ ಊರಿನ ಕಸ್ಬಾ ಬಡಾವಣೆಯ ಆಫೀಸಿನಲ್ಲಿ ಅವರಿಬ್ಬರೂ ಹಳ್ಳಿ ಆಸ್ಪತ್ರೆಗಳಿಗಾಗಿ ಆ್ಯಪ್ ಕಟ್ಟುತ್ತಿದ್ದರು. ಚರ್ಮದ ಫೋಟೊ ನೋಡಿ, ಕುಷ್ಠದ ಅನುಮಾನವಿದ್ದರೆ ಅದು ಕೆಂಪು ತೋರಿಸಬೇಕು. ಆರಂಭದಲ್ಲಿ ತಂಡದವರೆಲ್ಲ ತಮ್ಮ ತಮ್ಮ ತೋಳಿನ ಫೋಟೊ ಕೊಟ್ಟಿದ್ದರು. ಯಾರನ್ನೂ ಪರೀಕ್ಷಿಸದೆ, ಎಲ್ಲಕ್ಕೂ ‘ಆರೋಗ್ಯವಂತ’ ಎಂದು ಬರೆದವಳು ಚಿನ್ಮಯಿಯೇ.

ನಲವತ್ತೊಂದನೆಯದು ಮಾತ್ರ ಪದೇ ಪದೇ ಕೆಂಪಾಗುತ್ತಿತ್ತು. ಯಂತ್ರದ ತಪ್ಪೆಂದು ನಿನ್ನೆ ತಿದ್ದಿ ಹಸಿರಾಗಿಸಿದ್ದಳು. ಇಂದು ಬೆಳಿಗ್ಗೆ ಆ ಮೊಣಕೈಯ ಹಳೆಯ ಗಾಯದ ಗುರುತು ನೋಡಿದಾಗಲೇ ತಿಳಿಯಿತು. ಅದು ಯಶವಂತನ ಕೈ!

“ನಿಮಗೆ ಗೊತ್ತಿತ್ತಾ?”

“ಎರಡ್ ವಾರದ ಹಿಂದ ಕೈಮ್ಯಾಲೆ ಬಿಸಿ ಚಹಾ ಚೆಲ್ತಲ್ಲ... ಉರೀಲೇ ಇಲ್ರಿ.”

“‘ಹೆದರಬೇಡಿ, ಬೇಗ ತೋರಿಸಿ’ ಅಂತ ಪೋಸ್ಟರ್ ಬರೆದವರು ನೀವೇ ಅಲ್ವಾ!”

“ಪೋಸ್ಟರ್ ಬರಿಯೋದು ಬ್ಯಾರೆ, ತನಗ ಬರೋದು ಬ್ಯಾರೆ.” ಅವನು ಉರುಳಿದ ಕುಡಿಕೆಯನ್ನು ಎತ್ತಿಟ್ಟ. “ನಿಮಗ ಹತ್ತಿದ್ರ ಏನ್ ಮಾಡ್ಲಿ ಅಂತ ದೂರ ಕೂತೆ. ನಿಮ್ಮನ್ನ ಬಿಟ್ರ ಈ ಊರಾಗ ನನಗ ಯಾರದಾರ?”

ಚಿನ್ಮಯಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಹತ್ತಿಯ ಎಳೆಯೊಂದನ್ನು ತೆಗೆದಳು.

“ಕಣ್ಣು ಮುಚ್ಚಿ. ಮುಟ್ಟಿದಾಗೆಲ್ಲ ‘ಹೂಂ’ ಅನ್ನಿ.”

ಮಣಿಕಟ್ಟು. “ಹೂಂ.”

ಮುಂಗೈ. “ಹೂಂ.”

ಮೊಣಕೈಯ ಮಾಸಲು ಮಚ್ಚೆ...

ಕೆಳಗೆ ರಸ್ತೆಯಲ್ಲಿ ಆಟೋದವನು “ಗರಿಯಾಹಾಟ್! ಗರಿಯಾಹಾಟ್!” ಎಂದು ಕೂಗಿ ಸವಾರಿ ಕರೆಯುತ್ತಿದ್ದ. ಚಿನ್ಮಯಿ ಇನ್ನೊಮ್ಮೆ ಮುಟ್ಟಿದಳು. ಮತ್ತೊಮ್ಮೆ. ‘ಹೂಂ ಅನ್ನು... ದಮ್ಮಯ್ಯ, ಹೂಂ ಅನ್ನು!’

“ಯಾಕ ಸುಮ್ಮನಾದ್ರಿ?” ಎಂದ ಅವನು, ಕಣ್ಣು ಮುಚ್ಚಿಕೊಂಡೇ. “ಮುಟ್ರಿ...”

ಅವಳ ಕಣ್ಣೀರು ಆ ಮಚ್ಚೆಯ ಮೇಲೇ ಬಿತ್ತು. ಅದೂ ಅವನಿಗೆ ತಿಳಿಯಲಿಲ್ಲ. ಆದರೆ ಅವಳ ಮೌನ ತಿಳಿಯಿತು.

“ಹೆದರಿಕಿ ಆಗ್ತದ, ಚಿನ್ಮಯಿ.”

“ನನಗೂ... ಆದರೆ ಇದಕ್ಕೆ ಮಾತ್ರೆ ಇದೆ, ವಾಸಿಯಾಗುತ್ತೆ. ಈಗಲೇ ಡಾಕ್ಟರ ಹತ್ತಿರ ಹೋಗೋಣ. ಬಂದು ಆ ಫೋಟೊಗೆ ಬರೆದದ್ದನ್ನ ಸರಿಮಾಡ್ತೀನಿ.”

“ಹೋಗೋಣ? ನೀವೂ?”

“ನಾಳೆಯಿಂದ ಪಕ್ಕದ ಕುರ್ಚಿಗೂ ವಾಪಸ್ ಬರಬೇಕು.”

ಅವಳು ಹತ್ತಿಯನ್ನು ಕೆಳಗಿಟ್ಟು, ತನ್ನ ಕೈಯನ್ನು ಅವನ ಅಂಗೈಯೊಳಗೆ ಇಟ್ಟಳು.

“ಇಲ್ಲಿ?”

ಅವನ ಬೆರಳುಗಳು ಮೆಲ್ಲಗೆ ಮಡಚಿಕೊಂಡವು.

“ಹೂಂ.”